ಸೊಹಾರಿನ ಗ್ಯಾರೇಜಿಗೆ ನಾಲ್ಕು ಟ್ಯೂಬು

ಕಾರು ಹೊರಗೆ, ಬಿಸಿಲಲ್ಲಿ.
ಒಳಗೆ, ಕಾರಿನ ಜಾಗದಲ್ಲಿ,
ಬಿಚ್ಚಿಟ್ಟ ದೋಣಿಯ ಎಂಜಿನ್ನು
ಹೊಟ್ಟೆ ಸೀಳಿಸಿಕೊಂಡ ಅಂಜಲಿನ ಹಾಗೆ ಮಲಗಿದೆ.
ಮೇಲೆ ನಟ್ಟನಡುವೆ ಒಂದೇ ಬಲ್ಬು,
ಉಪ್ಪುಗಾಳಿಗೆ ತುಕ್ಕು ಹಿಡಿದ ಹೋಲ್ಡರು, ಹಲ್ಲಿಯ ಹಿಕ್ಕೆ.

"ವಾಲಿ," ಅಂದ ಖಲ್ಫಾನ್ ಮುದುಕ.
ವಲೇರಿಯನ್ ಅನ್ನುವ ಹೆಸರು
ಅವನ ಹಲ್ಲಿಲ್ಲದ ಬಾಯಲ್ಲಿ ಸವೆದು ಹನ್ನೊಂದು ವರ್ಷ.
ವಾಲಿ ಅಂದರೆ ಈ ಊರಿಗೆ ದೊರೆ.
ಶಿರ್ವದ ವಯರ್‌ಮ್ಯಾನಿಗೆ
ರಜೆಯ ಒಂದು ಶುಕ್ರವಾರದ ಮಟ್ಟಿಗೆ ಧಾರಾಳವಾಯಿತು.

"ವಾಲಿ, ಇಲ್ಲಿ ಬೆಳಕು ಸತ್ತಿದೆ. ದೊಡ್ಡ ಬಲ್ಬು ಹಾಕು,
ಮಸೀದಿಯ ಅಂಗಳಕ್ಕೆ ಹಾಕಿದ್ದಾರಲ್ಲ, ಅಂಥದ್ದು."

ಅವನ ಸ್ಟೂಲಿನ ಮೇಲೆ ಕೂತೆ.
ಅವನು ಬಗ್ಗುವ ಹಾಗೇ ಬಗ್ಗಿದೆ.
ನನ್ನ ತಲೆಯ ನೆರಳು ಸೀದಾ ಹೋಗಿ
ಕಾರ್ಬ್ಯುರೇಟರಿನ ಮೇಲೆ ಕೂತಿತು.
ಬಲಕ್ಕೆ ಸರಿದೆ. ಅದೂ ಸರಿಯಿತು.
"ಬಾಬಾ, ಬೆಳಕು ಸತ್ತಿಲ್ಲ," ಅಂದೆ,
"ಅದಕ್ಕೆ ನೀವೇ ಅಡ್ಡ."

ನಕ್ಕ. ಕೆಮ್ಮಿದ. ಖರ್ಜೂರದ ತಟ್ಟೆ ನನ್ನ ಕಡೆ ನೂಕಿ
ಎಷ್ಟು ರಿಯಾಲು, ಅಂದ.

ಇದನ್ನು ನನಗೆ ಯಾವ ಐಟಿಐಯೂ ಕಲಿಸಲಿಲ್ಲ.
ಅಮ್ಮ ಬೀಡಿ ಕಟ್ಟುವಾಗ
ಎಡಕ್ಕೊಂದು ಬಲಕ್ಕೊಂದು ಚಿಮಿಣಿ ಇಟ್ಟುಕೊಳ್ಳುತ್ತಿದ್ದಳು.
ಎರಡೆರಡು ಯಾಕೆ, ಸೀಮೆಎಣ್ಣೆ ನಿನ್ನ ಅಪ್ಪ ಕೊಡ್ತಾನಾ,
ಅನ್ನುತ್ತಿದ್ದ ಅಪ್ಪ.
ಅವಳು ಉತ್ತರ ಕೊಟ್ಟದ್ದಿಲ್ಲ. ಎಲೆಯ ಮೇಲೆ
ಅವಳ ಬೆರಳಿನದ್ದೇ ನೆರಳು ಇರುತ್ತಿರಲಿಲ್ಲ, ಅಷ್ಟೇ.

ಮೊದಲು ಗೋಡೆ. ಸಿಮೆಂಟಿನ ಬೂದಿಬಣ್ಣ
ಬೆಳಕು ಕುಡಿಯುವ ಕುಡುಕ; ಎರಡು ಕೋಟು ಬಿಳಿ ಬಳಿಸಿದೆ.
ಆಮೇಲೆ ಸನಯ್ಯಾದ ಅಂಗಡಿಯಿಂದ ನಾಲ್ಕು ಟ್ಯೂಬು,
ನೀಲಿ ಹೊಡೆಯುವ ಬಿಳಿ ಬೇಡ, ಅದರಲ್ಲಿ
ಎಣ್ಣೆಯೂ ನೀರೂ ಒಂದೇ ಥರ ಕಾಣುತ್ತವೆ.
ಮೇಜಿನ ಆಚೆ ಎರಡು, ಈಚೆ ಎರಡು.
ಆಗಸ್ಟಿನ ಬೆವರು ವಯರು ಹಿಡಿದ ಕೈಯಿಂದ
ಮೊಣಕೈಗೆ, ಮೊಣಕೈಯಿಂದ ಏಣಿಗೆ.

ಮೊಮ್ಮಗ ಮುಹನ್ನದ್ ಕಾಲೇಜು ಹುಡುಗ.
ಸೆನ್ಸರ್ ಬೇಕೇ ಬೇಕು ಅಂದ. ಹಾಕಿದೆ.

ಮಾರನೇ ವಾರ ಬಂದು ನೋಡಿದರೆ
ಮುದುಕ ಕತ್ತಲಲ್ಲಿ ಕೂತಿದ್ದಾನೆ.
ಸಣ್ಣ ಸ್ಪ್ರಿಂಗೊಂದನ್ನು ಕಣ್ಣ ಹತ್ತಿರ ಹಿಡಿದು
ಉಸಿರು ಬಿಗಿಹಿಡಿದಿದ್ದಾನೆ. ಅಲ್ಲಾಡಿಲ್ಲ.
ಅಲ್ಲಾಡದವನು ಮನೆಯಲ್ಲೇ ಇಲ್ಲ ಅಂದುಕೊಂಡು
ದೀಪ ಆರಿಹೋಗಿದೆ.
ಒಂದು ಕೈ ಮೇಲೆತ್ತಿ ಬೀಸಿದ,
ದೋಣಿಯಿಂದ ದಡಕ್ಕೆ ಬೀಸುವ ಹಾಗೆ.
ಬೆಳಕು ಬಂತು.
"ದಿನಕ್ಕೆ ನಲವತ್ತು ಸಲ," ಅಂದ,
"ಇದಕ್ಕೆ ನಾನು ಬದುಕಿದ್ದೇನೆ ಅಂತ ಹೇಳಬೇಕು."

ಕಿತ್ತು ಹಾಕಿದೆ.
ಮಂಡಿ ನೋವು, ಬಾಗಿಲ ತನಕ ಎದ್ದು ಹೋಗಲಾರ.
ಎಳೆಯುವ ಸ್ವಿಚ್ಚು ಹಾಕಿದೆ; ಕೊಟ್ಟ ದಾರ ಗಿಡ್ಡ.
ಅವನೇ ಡಬ್ಬಿ ತಡಕಿ ಗಾಳದ ನೈಲಾನು ತೆಗೆದ,
ತುದಿಗೆ ಸೀಸದ ಗುಂಡು ಕಟ್ಟಿದ,
ಹಲ್ಲಿಲ್ಲದ ವಸಡಿನಿಂದಲೇ ಗಂಟು ಬಿಗಿದ,
ಎಳೆದ.

ಒಂದು ಕ್ಷಣ ಇಬ್ಬರೂ ಮಾತಾಡಲಿಲ್ಲ.
ನೆಲದ ಮೇಲೆ ನಮ್ಮ ನೆರಳು ಹುಡುಕಿದರೂ ಸಿಗದು.
ಕಂಡದ್ದೆಲ್ಲ ಉಳಿದದ್ದು: ಒಣಗಿದ ಮತ್ತಿಯ ಹೊಟ್ಟು,
ಬೆಕ್ಕಿನ ಎಣ್ಣೆಹೆಜ್ಜೆ,
ಮೂಲೆಯಲ್ಲಿ ಒಂದು ಹಿತ್ತಾಳೆ ಸ್ಕ್ರೂ.

"ಅಲ್‌ಹಮ್ದುಲಿಲ್ಲಾ, ಜನವರಿಯಿಂದ ಹುಡುಕುತ್ತಿದ್ದೆ,"
ಅಂತ ಎಂಜಿನ್ನಿನ ತೂತಿಗೆಲ್ಲ ಹಿಡಿದು ನೋಡಿದ.
ಯಾವುದಕ್ಕೂ ಕೂರಲಿಲ್ಲ.
ನನ್ನ ಕೈಗೆ ಕೊಟ್ಟ. ನಾನೂ ನೋಡಿದೆ,
ಟೆಸ್ಟರು, ಇಕ್ಕಳ, ಏಣಿಯ ತಿರುಗಣೆ.
ನನ್ನದೂ ಅಲ್ಲ.

ಈಗಲೂ ಅಂಗಿಯ ಜೇಬಲ್ಲಿದೆ.
ಒಗೆಯುವ ಮುನ್ನ ತೆಗೆದಿಡುತ್ತೇನೆ.